ಮೂಗಿನ ಪೈಪು ಮತ್ತು ತಾಯಮ್ಮ ತಂದ ಬ್ರೆಡ್ಡು

ಹೋದ ಭಾನುವಾರ ನನ್ನ ತಂಗಿ ತಾಯಮ್ಮ ನನ್ನ ಸಾವಿಗೆ ಬಂದಳು. ನಾನು ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದೆ.

ಕೈಯಲ್ಲಿ ಬ್ರೆಡ್ಡು, ಮೋಸಂಬಿ. ಕಣ್ಣೀರು ಅವಳೂರು ಹೊಸಹೊಳಲಿನಲ್ಲೇ ಶುರುವಾಗಿತ್ತಂತೆ. ಪಾಂಡವಪುರದ ಸಂತೆಯಲ್ಲಿ ನಾನು ಮೂಗಿಗೆ ಪೈಪು ಹಾಕಿಕೊಂಡು ನಡೆಯುತ್ತಿದ್ದುದನ್ನು ಯಾರೋ ನೋಡಿ ಅವಳಿಗೆ ಫೋನ್ ಮಾಡಿದ್ದಾರೆ. "ನಿಮ್ಮಕ್ಕಂಗೆ ಆಕ್ಸಿಜನ್ ಹಾಕ್ಬುಟ್ಟವ್ರೆ." ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ಮಾತು ನಿಲ್ಲುವ ಮೊದಲು ಬಂದು ಮುಖ ನೋಡಿಕೊಂಡು ಹೋಗಿ. (ಸಾಯುವವಳು ಸಂತೆಯಲ್ಲಿ ಟೊಮೆಟೊ ಯಾಕೆ ಆರಿಸುತ್ತಿದ್ದಳು ಎಂದು ಯಾರೂ ಕೇಳಲಿಲ್ಲ.)

"ಬದ್ಕಿದ್ದೀಯೇನಕ್ಕ?" ಎಂದಳು.

"ಬೇಜಾರಾಯ್ತಾ? ಇನ್ನೊಂದಿನ ಬಾ, ಬುಡು."

ಡಾಕ್ಟರು ನನ್ನನ್ನು ಮೊದಲು ಕೇಳಿದ್ದು, ಬೀಡಿ ಸೇದುತ್ತೀರಾ ಅಂತ. ನಾನು ಸೇದಿದ್ದು ಒಲೆ. ಮನೆಯಲ್ಲಿ ಸೌದೆ ಒಲೆ, ಬೆಲ್ಲ ಕಾಯಿಸುವ ಆಲೆಮನೆಯಲ್ಲಿ ದೊಡ್ಡ ಒಲೆ. ನಾನು, ತಾಯಮ್ಮ ಇಬ್ಬರೂ ಅದರ ಬಾಯಿಗೆ ಕಬ್ಬಿನ ಸಿಪ್ಪೆ ತುಂಬಿದವರು. ಅವಳು ಈಗಲೂ ತುಂಬುತ್ತಾಳೆ.

ಕೂತರೆ ನಾನು ಚೆನ್ನಾಗಿಯೇ ಇರುತ್ತೇನೆ. ನಡೆದರೆ ಮೈಯಲ್ಲಿ ಆಕ್ಸಿಜನ್ ಇಳಿಯುತ್ತದೆ. ಆಸ್ಪತ್ರೆಯ ವರಾಂಡದಲ್ಲಿ ಆರು ನಿಮಿಷ ನಡೆಸಿ ಅದನ್ನು ಕಂಡುಹಿಡಿದರು. ಅದಕ್ಕೇ ನಡೆಯುವಾಗ ಮಾತ್ರ ಈ ಚಿಕ್ಕ ಸಿಲಿಂಡರು. ಉಸಿರು ಕಟ್ಟುತ್ತದೆಂದು ಕೂತುಬಿಟ್ಟರೆ ಕಾಲಿನ ಶಕ್ತಿಯೂ ಹೋಗುತ್ತದೆ, ದಿನಾ ನಡೆಯಿರಿ ಎಂದರು. ನಡೆಯಲಿ ಎಂದು ಕೊಟ್ಟ ಪೈಪು ಊರಿಗೆ ಚಟ್ಟದ ಹಾಗೆ ಕಂಡರೆ ನಾನೇನು ಮಾಡಲಿ?

ತಾಯಮ್ಮನ ಅಳು ನಿಂತಿತು, ಏದುಸಿರು ನಿಲ್ಲಲಿಲ್ಲ. ಹತ್ತಿದ್ದು ಮೂರು ಮೆಟ್ಟಿಲು. ಸುಧಾರಿಸಿಕೊಂಡ ಮೇಲೆ, ಆಕ್ಸಿಜನ್ ನೋಡುವ ಕ್ಲಿಪ್ಪು ತಂದು ಅವಳ ಬೆರಳಿಗೆ ಸಿಕ್ಕಿಸಿದೆ. ನಾಲ್ಕನೇ ಕ್ಲಾಸು ಓದಿದ್ದೇನೆ, ಎರಡಂಕಿ ಓದಬಲ್ಲೆ. ತೊಂಬತ್ತಮೂರು. ತೊಂಬತ್ತರ ಕೆಳಗಿಳಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ನೋಡು, ನಂಗೇನಾಗದೆ?" ಎಂದಳು.

"ಬೀದಿ ಕೊನೇಲಿರೋ ಆ ಹಿಟ್ಟಿನ ಮಿಲ್ ಗಂಟ ನಡ್ಕಂಡು ಹೋಗ್ಬಾರೇ."

ಹೋಗಿ ಬಂದಳು. ಕಂಬ ಹಿಡಿದು ನಿಂತಳು. ಎಂಬತ್ತೊಂದು. ತುಟಿ ನೇರಳೆಹಣ್ಣು ತಿಂದವಳ ಹಾಗಾಗಿತ್ತು.

"ಇಲ್ಲೇ ಉಳ್ಕೊ. ನಾಳೆ ಡಾಕ್ಟ್ರತ್ರ ಹೋಗವ."

"ಪೈಪ್ ಹಾಕ್ಬುಟ್ರೆ?"

"ಹಾಕಿಸ್ಕೊ."

"ನೀನು ಹಾಕ್ಕಂಡಿದ್ದಕ್ಕೇ ನಾನು ಅತ್ಕಂಡು ಬಂದೆ ಕಣಕ್ಕ. ನಾನು ಹಾಕ್ಕಂಡ್ರೆ ಊರೇ ಬತ್ತದೆ. ಆಮೇಲೆ ಆಲೆಮನೆಗೆ ಯಾರು ಕರೀತಾರೆ? ಸಾಯೋಳ್ನ ಕೆಲ್ಸಕ್ಕೆ ಕರೆಯಾಕಿಲ್ಲ."

"ಅಲ್ಲೇ ಸಾಯ್ತೀಯಲ್ಲೇ."

"ಕೆಲ್ಸ ಮಾಡ್ತಾ ಇದ್ರೆ ಯಾರೂ ಅಂಗನ್ನಾಕಿಲ್ಲ."

ಗಂಡಸು ಕೆಮ್ಮಿದರೆ ಕಾಯಿಲೆ, ಹೆಂಗಸು ಏದುಸಿರು ಬಿಟ್ಟರೆ ವಯಸ್ಸು. ಹೆಲ್ತ್ ಕ್ಯಾಂಪಿನವರು ಇವಳನ್ನು ಕುರ್ಚಿಯಲ್ಲಿ ಕೂರಿಸಿ, ಬೆರಳು ನೋಡಿ, ನಾರ್ಮಲ್ ಎಂದು ಕಳಿಸಿದ್ದರಂತೆ. ಕೂತಾಗ ನಾರ್ಮಲ್, ಸರಿ. ಇವಳು ಕೂತದ್ದು ಯಾವಾಗ?

ಸಂಜೆ ಸಿಲಿಂಡರು ಎಳೆದುಕೊಂಡು ಅವಳನ್ನು ಬಸ್ಸಿಗೆ ಬಿಡಲು ಹೋದೆ. ಸ್ಟ್ಯಾಂಡಿನಲ್ಲಿದ್ದವರೆಲ್ಲ ನನ್ನನ್ನು ಅಯ್ಯೋ ಎಂದು ನೋಡಿದರು. ಒಬ್ಬ ಎದ್ದು ಜಾಗವನ್ನೂ ಬಿಟ್ಟ. ತಾಯಮ್ಮ ಬಸ್ಸಿನ ಮೆಟ್ಟಿಲಲ್ಲಿ ಎರಡು ಸಲ ನಿಂತಳು.

"ಬೇಗ ಹತ್ತವ್ವ, ಟೈಮಾಯ್ತು" ಎಂದ ಕಂಡಕ್ಟರು.

ಅವಳು ಕಿಟಕಿ ಪಕ್ಕ ಕೂತ ಮೇಲೆ, ಅವಳೇ ತಂದಿದ್ದ ಬ್ರೆಡ್ಡನ್ನು ಮಡಿಲಿಗೆ ಎಸೆದೆ.

ರೋಗಿಗೆಂದು ತಂದದ್ದನ್ನು ನಾನೇಕೆ ತಿನ್ನಲಿ?