ಮಾರ್ಲಿಸ್ ಹೆಸರಿನ ಡಬ್ಬಿ

ಹಾರಿಸಿದ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದುಗುಂಡು ತುಂಬುವುದು ವರ್ನ್ ಟಾಲಫ್‌ಸನ್‌ಗೆ ನಲವತ್ತು ವರ್ಷದ ಅಭ್ಯಾಸ. ಮೊಂಟಾನಾದ ಆ ಸಣ್ಣ ಊರಿನ ಬೇಟೆ ಸಾಮಾನಿನ ಅಂಗಡಿಯಲ್ಲಿ ಅವನು ಅರ್ಧ ಗಂಟೆಯಿಂದ ತೋಟಾ ತುಂಬುವ ಎರಡು ಯಂತ್ರಗಳ ಮುಂದೆ ನಿಂತಿದ್ದ.

ಹಳೆಯ ಯಂತ್ರ ಕೆಟ್ಟಿದೆ ಎಂದು ಹೆಂಡತಿಗೆ ಹೇಳಿ ಬಂದಿದ್ದು ಸುಳ್ಳು. ಹೋದ ವಾರ ತುಂಬಲು ಕೂತಾಗ ಮೇಜಿನ ಮೇಲೆ ಎರಡು ಬಗೆಯ ಮದ್ದಿನ ಡಬ್ಬಿಗಳಿದ್ದವು. ಯಾವುದನ್ನು ಸುರಿದಿದ್ದೇನೆಂದು ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ತಪ್ಪು ಮದ್ದು ಬಿದ್ದರೆ ಕೋವಿಯೇ ಸಿಡಿದು ಮುಖಕ್ಕೆ ಬಡಿಯುತ್ತದೆ. ಅಂದು ತುಂಬಿದ್ದ ಐವತ್ತು ತೋಟಾಗಳನ್ನೂ ಬಿಚ್ಚಿಹಾಕಿದ್ದ.

“ಏನೋ ವರ್ನ್, ಹೆಣ್ಣು ನೋಡೋಕೆ ಬಂದೋನ ಥರ ನಿಂತಿದೀಯ,” ಎಂದ ಅಂಗಡಿಯ ಡೆಲ್ವಿನ್. “ದೊಡ್ಡದನ್ನ ತಗೋ. ಗಂಟೆಗೆ ನಾನೂರು ತುಂಬತ್ತೆ.”

“ಮದ್ದು ತಪ್ಪಾದ್ರೆ ಹೇಳತ್ತಾ?”

“ಅದು ನಿನ್ನ ಕೆಲಸ ಕಣಯ್ಯ. ಯಂತ್ರಕ್ಕೇನು ಗೊತ್ತಾಗತ್ತೆ?”

ನಾಳಿದ್ದು ಜಿಂಕೆ ಬೇಟೆ ಶುರು. ವರ್ನ್ ಒಂದೊಂದೇ ತೋಟಾ ತುಂಬುವ ಸಣ್ಣ ಯಂತ್ರವನ್ನು ಆರಿಸಿದ. ಅದರ ಪಕ್ಕದಲ್ಲಿ ಕಾರ್ಖಾನೆಯಲ್ಲಿ ತುಂಬಿದ ತೋಟಾಗಳ ಒಂದು ಪೆಟ್ಟಿಗೆಯನ್ನೂ ಇಟ್ಟ.

“ಇದ್ಯಾರಿಗೆ?”

“ಮಾರ್ಲಿಸ್‌ಗೆ.”

ಡೆಲ್ವಿನ್ ನಕ್ಕ. “ನಿನ್ನ ಹೆಂಡ್ತಿ ನೀನು ತುಂಬಿದ್ದು ಬಿಟ್ಟು ಬೇರೇದನ್ನ ಕೋವಿಗೆ ಹಾಕಿದ್ದುಂಟಾ? ಮುಖದ ಮೇಲೆ ಎಸೀತಾಳೆ, ನೋಡ್ತಿರು.”

ವರ್ನ್ ಜೇಬಿನಿಂದ ಹಳೆಯ ಡಬ್ಬಿಯೊಂದನ್ನು ತೆಗೆದ; ತಾನು ತುಂಬಿದ ತೋಟಾಗಳನ್ನು ಪ್ರತಿ ವರ್ಷ ಅವಳಿಗೆ ಕೊಡುತ್ತಿದ್ದದ್ದು ಅದರಲ್ಲೇ. ಮುಚ್ಚಳದ ಮೇಲೆ ಅವನದೇ ಕೈಬರಹದಲ್ಲಿ ಮಾರ್ಲಿಸ್ ಎಂದಿತ್ತು. ಕಾರ್ಖಾನೆಯ ತೋಟಾಗಳನ್ನು ಒಂದೊಂದಾಗಿ ಎತ್ತಿ ಅದರೊಳಗೆ ಜೋಡಿಸತೊಡಗಿದ.