ಸುಣ್ಣದ ಗೆರೆ ತುಳಿದ ವರ್ಲಿನ್

ವರ್ಲಿನ್ ಸ್ಟಕಿಯ ಬಾಯಿ ಸುಮ್ಮನಿದ್ದುದನ್ನು ಕ್ಯಾನ್ಸಸ್‌ನ ನಮ್ಮ ಸಣ್ಣ ಕಾಲೇಜಿನಲ್ಲಿ ಯಾರೂ ಕಂಡಿರಲಿಲ್ಲ. ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವ ಹುಡುಗರನ್ನು ಪಳಗಿಸುವುದು ಅವನ ಕೆಲಸ. ಆ ಸಂಬಳ ಬಾಯಿಗೂ ಸಾಲದು ಹೊಟ್ಟೆಗೂ ಸಾಲದು ಎಂದು ಮೈದಾನದ ಹುಲ್ಲು ಕತ್ತರಿಸುತ್ತಿದ್ದವನೂ ಅವನೇ, ತಂಡದ ಬಸ್ಸು ಓಡಿಸುತ್ತಿದ್ದವನೂ ಅವನೇ. ಮುಖ್ಯ ಕೋಚ್‌ಗಳು ಬಂದರು, ಹೋದರು. ವರ್ಲಿನ್ ಮಾತ್ರ ಬೇಲಿಗೂಟದ ಹಾಗೆ ಅಲ್ಲೇ ಉಳಿದ. "ನಿನ್ನ ಅಲ್ಲಾಡ್ಸೋಕೂ ಆಗಲ್ಲ, ಸುಮ್ನೆ ಕೂರ್ಸೋಕೂ ಆಗಲ್ಲ" ಎಂದು ಹೆಂಡತಿ ಲವೊನ್ ಛೇಡಿಸುತ್ತಿದ್ದಳು.

ಎಸೆಯುವ ಹುಡುಗ ಹದ ತಪ್ಪಿದನೆಂದರೆ ವರ್ಲಿನ್ ಆಟ ನಿಲ್ಲಿಸಿ ಮೈದಾನದ ನಡುವಿನ ದಿಬ್ಬಕ್ಕೆ ನಡೆಯುತ್ತಿದ್ದ. ಅಲ್ಲಿ ಚೆಂಡಿನ ಸುದ್ದಿಯೇ ಇಲ್ಲ. "ನಿಮ್ಮಜ್ಜಿ ಬೀರಾಕ್ ಬನ್ನಿಗೆ ಮಾಂಸ ಜಾಸ್ತಿ ತುಂಬ್ತಾಳೋ, ಎಲೆಕೋಸು ಜಾಸ್ತೀನೋ?" ಎಂದು ಗಂಭೀರವಾಗಿ ಕೇಳುತ್ತಿದ್ದ. ಹುಡುಗ ನಕ್ಕನೋ, ಮದ್ದು ತಾಗಿತೆಂದೇ ಲೆಕ್ಕ. ಹೋಗುವಾಗಲೂ ಬರುವಾಗಲೂ ಮೈದಾನದ ಅಂಚಿನ ಸುಣ್ಣದ ಗೆರೆಯನ್ನು ತುಳಿಯದೆ ಎಗರಿ ದಾಟುತ್ತಿದ್ದ. ತುಳಿದರೆ ತಂಡಕ್ಕೆ ಗ್ರಹಚಾರ ಎಂದು ಅಲ್ಲಿ ಎಲ್ಲರೂ ನಂಬಿದ್ದರು, ವರ್ಲಿನ್ ಎಲ್ಲರಿಗಿಂತ ಹೆಚ್ಚು ನಂಬಿದ್ದ. ಆ ಗೆರೆಗೆ ಒಂದು ನಿಯಮವೂ ಅಂಟಿಕೊಂಡಿದೆ. ಒಂದೇ ಇನಿಂಗ್ಸ್‌ನಲ್ಲಿ ಕೋಚ್ ಎರಡನೇ ಸಲ ಗೆರೆ ದಾಟಿ ಎಸೆಯುವವನ ಬಳಿ ಹೊರಟರೆ ಆ ಎಸೆಯುವವನನ್ನು ಬದಲಿಸಲೇಬೇಕು. ಪ್ರತಿ ವರ್ಷ ಮೊದಲ ದಿನವೇ ವರ್ಲಿನ್ ಇದನ್ನು ಹುಡುಗರಿಗೆ ಬಾಯಿಪಾಠ ಮಾಡಿಸುತ್ತಿದ್ದ.

ಆ ಮೇ ತಿಂಗಳು ತಂಡ ದೂರದ ಊರಿನಲ್ಲಿ ನಡೆದ ಫೈನಲ್‌ಗೆ ಬಂತು. ಕೊನೆಯ ಇನಿಂಗ್ಸ್, ನಮ್ಮದು ಒಂದು ರನ್ನಿನ ಮುನ್ನಡೆ. ದಿಬ್ಬದ ಮೇಲೆ ಜ್ಯಾರೆಟ್ ಗೋರಿಂಗ್. ಕೊನೆಯ ವರ್ಷದ ವಿದ್ಯಾರ್ಥಿ, ಊರಿನ ಕಣ್ಮಣಿ. ಅವನನ್ನು ನೋಡಲೆಂದೇ ದೊಡ್ಡ ತಂಡಗಳವರು ವೇಗ ಅಳೆಯುವ ಯಂತ್ರ ಹಿಡಿದು ಕೂತಿದ್ದರು. ಜ್ಯಾರೆಟ್ ಮಾತ್ರ ಪ್ರತಿ ಎಸೆತಕ್ಕೂ ಮುನ್ನ ಬಲಗೈಯ ಕಿರುಬೆರಳು, ಉಂಗುರಬೆರಳುಗಳನ್ನು ಪ್ಯಾಂಟಿಗೆ ಉಜ್ಜುತ್ತಿದ್ದ.

ಅದು ವರ್ಲಿನ್ ಕಣ್ಣಿಗೆ ಬಿತ್ತು. ತಾನೇ ಚೆಂಡು ಎಸೆಯುತ್ತಿದ್ದ ಕಾಲದಲ್ಲಿ ಅವನಿಗೂ ಇವೇ ಎರಡು ಬೆರಳು ಮರಗಟ್ಟಿದ್ದವು. ಯಾರಿಗೂ ಹೇಳದೆ ಎಸೆದ, ಗೆದ್ದ, ಊರವರು ಹೆಗಲ ಮೇಲೆ ಹೊತ್ತು ಕುಣಿದರು. ಅಂದಿನಿಂದ ಇಂದಿನವರೆಗೆ ಬಲಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿಲ್ಲ.

ಗೆರೆ ಎಗರಿ ದಿಬ್ಬಕ್ಕೆ ನಡೆದ. ಅಂದು ಬೀರಾಕ್ ಮಾತಿಲ್ಲ.

"ಬೆರಳು ಏನಾಯ್ತೋ?"

"ಏನಿಲ್ಲ ಕೋಚ್. ಬೆವರು."

"ಇಷ್ಟು ತಣ್ಣನೆ ಗಾಳೀಲಿ ಬೆವರಾ?"

"ನಾನೇ ಮುಗಿಸ್ತೀನಿ. ದಯವಿಟ್ಟು."

ಆಟಗಾರರನ್ನು ಬದಲಿಸುವ ಅಧಿಕಾರ ಹೊಸ ಮುಖ್ಯ ಕೋಚ್ ಕಾರ್ಬಿನ್ ಹ್ಯಾಸ್ಲಿಯದು. ವರ್ಲಿನ್ ನೇರ ಅವನ ಬಳಿ ಹೋದ. "ಹುಡುಗನ್ನ ತೆಗಿ ಕಾರ್ಬಿನ್. ಕೈ ಹೋಗುತ್ತೆ."

"ಗೆಲ್ಲೋ ಹೊತ್ತಲ್ಲಿ ಅಪಶಕುನ ನುಡೀಬೇಡ. ಅವನೇ ಮುಗಿಸ್ತಾನೆ. ನೀನು ಹೋಗಿ ನಿನ್ನ ಸೂರ್ಯಕಾಂತಿ ಬೀಜ ಅಗಿ."

ಮುಂದಿನ ಬ್ಯಾಟ್ಸ್‌ಮನ್‌ಗೆ ಜ್ಯಾರೆಟ್ ಎಸೆದ ನಾಲ್ಕು ಚೆಂಡೂ ಎತ್ತೆತ್ತಲೋ ಹೋದವು. ಆ ಬ್ಯಾಟ್ಸ್‌ಮನ್ ಚೆಂಡು ಹೊಡೆಯದೆಯೇ ಮೊದಲ ಬೇಸ್ ಸೇರಿದ. ಇನ್ನೊಬ್ಬ ಬ್ಯಾಟು ಬೀಸುತ್ತ ಬಂದ. ಜ್ಯಾರೆಟ್ ಮತ್ತೆ ಬೆರಳು ಉಜ್ಜಿದ.

ವರ್ಲಿನ್ ಬಾಯಲ್ಲಿದ್ದ ಸೂರ್ಯಕಾಂತಿ ಬೀಜ ಉಗಿದು ಎದ್ದ. ಹಿಂದಿನಿಂದ ಇಡೀ ತಂಡ ಕೂಗಿಕೊಂಡಿತು: "ಕೋಚ್, ನಿಲ್ಲಿ! ಆಗಲೇ ಒಂದ್ಸಲ ಹೋಗಿದ್ರಿ!" ಕಾರ್ಬಿನ್ ಅವನ ಅಂಗಿ ಹಿಡಿದೆಳೆಯಲು ಓಡಿ ಬಂದ. ವರ್ಲಿನ್ ಸಂತೆಗೆ ಹೊರಟವನ ಹಾಗೆ ಆರಾಮಾಗಿ ನಡೆದ. ಈ ಸಲ ಎಗರಲಿಲ್ಲ, ಸುಣ್ಣದ ಗೆರೆಯ ಮೇಲೆ ಸರಿಯಾಗಿ ಕಾಲಿಟ್ಟೇ ದಾಟಿದ.

ಅಂಪೈರ್ ಕೈ ಎತ್ತಿದ. "ಎರಡನೇ ಸಲ. ಹುಡುಗ ಹೊರಗೆ."

"ಅಯ್ಯೋ, ಮರೆತೇಬಿಟ್ಟೆ ನೋಡಿ" ಎಂದ ವರ್ಲಿನ್.

ಬದಲಿಗೆ ಬಂದ ಹುಡುಗ ಪಾಪ, ಎಸೆದ ಎರಡನೇ ಚೆಂಡೇ ಬೇಲಿಯಾಚೆ ಬಿತ್ತು. ಎದುರಾಳಿಗೆ ಎರಡು ರನ್, ಅಲ್ಲಿಗೆ ಫೈನಲ್ ಕೈತಪ್ಪಿತು. ಜನ ಮುದುಕನಿಗೆ ಅರಳುಮರಳು ಎಂದರು. ಕಾರ್ಬಿನ್ ಮುಖ ಕೆಂಪಗೆ ಮಾಡಿಕೊಂಡು, "ಮುಂದಿನ ವರ್ಷ ನಿಯಮ ನೆನಪಿರೋರನ್ನ ಹುಡುಕ್ತೀನಿ" ಎಂದ.

"ಹುಡುಕು. ಹುಲ್ಲು ಕತ್ತರಿಸೋಕೆ ಬರುತ್ತಾ ಅಂತಲೂ ಕೇಳಿನೋಡು" ಎಂದ ವರ್ಲಿನ್. ಹಾಗೆಂದು ನಕ್ಕ. ಆದರೆ ಕಾಲೇಜಿನ ಮೈದಾನ ಬಿಟ್ಟರೆ ಅವನಿಗೆ ಬೇರೇನೂ ಗೊತ್ತಿರಲಿಲ್ಲ.

ವಾಪಸು ಬಸ್ಸು ಓಡಿಸುವುದು ಹೇಗೂ ಅವನ ಪಾಲಿಗೇ ಬಂತು. ಹುಡುಗರು ಒಬ್ಬೊಬ್ಬರಾಗಿ ಮುಖ ತಿರುಗಿಸಿಕೊಂಡು ಹತ್ತಿದರು. ಜ್ಯಾರೆಟ್ ಕೊನೆಗೆ ಬಂದ. ಅತ್ತು ಕಣ್ಣು ಊದಿದ್ದವು.

"ಮೊದಲ್ನೇ ದಿನಾನೇ ನಮಗೆ ಬಾಯಿಪಾಠ ಮಾಡ್ಸಿದ್ರಿ ಕೋಚ್. ನೀವು ಮರೀಲಿಲ್ಲ."

ವರ್ಲಿನ್ ಬೀಜದ ಪೊಟ್ಟಣ ಮುಂದೆ ಹಿಡಿದ. ಜ್ಯಾರೆಟ್ ಬಲಗೈ ಚಾಚಿದ. ಬೀಜಗಳು ಬೆರಳ ಸಂದಿಯಿಂದ ನೆಲಕ್ಕೆ ಉದುರಿದವು. ಉದುರಿದ್ದನ್ನು ನೋಡಿ ಎಡಗೈ ಚಾಚಿದ.

"ಕೈ ವಿಷ್ಯ ಕಾರ್ಬಿನ್‌ಗೆ ಹೇಳ್ಬೇಡಿ ಕೋಚ್."

"ನಾಳೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಅವನಿಗೆ ಏನಂತ ಹೇಳ್ಲಿ? ನನಗೆ ಏನೂ ನೆನಪಿರಲ್ವಲ್ಲ."

ಜ್ಯಾರೆಟ್ ಹಿಂದೆ ಹೋಗದೆ ಅವನ ಪಕ್ಕದ ಸೀಟಿನಲ್ಲೇ ಕೂತ. ಊರು ಮುಟ್ಟುವವರೆಗೆ ವರ್ಲಿನ್ ಸ್ಟಕಿ ಒಂದು ಮಾತೂ ಆಡಲಿಲ್ಲ.