ಭತ್ತದ ಅಳತೆಯಲ್ಲಿ ನಾನು ಮುಚ್ಚಿಟ್ಟ ತಪ್ಪು

ಸುಮಿತ್ರಾ ಮೇಡಂ, ತಪ್ಪು ನಿಮ್ಮ ಕೈಯದಲ್ಲ, ನನ್ನ ಸಿಸ್ಟಮ್ಮಿನದು. ಒಂಬತ್ತು ವರ್ಷಗಳಿಂದ ಇದು ನನಗೆ ಗೊತ್ತು.

ಹಾನಗಲ್ಲಿನ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ನೀವು ಸಸ್ಯಶಾಸ್ತ್ರ ಕಲಿಸುತ್ತ ಸುತ್ತಲಿನ ಊರುಗಳ ಹಳೆಯ ಭತ್ತದ ತಳಿಗಳನ್ನು ಕೂಡಿಸುತ್ತಿದ್ದಿರಿ. ಕಾಳಿನ ಫೋಟೋ ತೆಗೆದು, ಎರಡು ತುದಿಗಳನ್ನು ಮೌಸಿನಿಂದ ಗುರುತಿಸಿ ಉದ್ದ ಅಳೆಯುವುದು ನಿಮ್ಮ ಕೆಲಸ. ಅದಕ್ಕೆಂದೇ ಲಿನಕ್ಸ್ ಎಂಬ, ಯಾರು ಬೇಕಾದರೂ ತಿದ್ದಬಹುದಾದ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಬೇಡದ್ದನ್ನೆಲ್ಲ ಕಿತ್ತು, ಬೇಕಾದ ತಂತ್ರಾಂಶ ಸೇರಿಸಿ, ಪೆನ್‌ಡ್ರೈವ್ ಹಾಕಿದರೆ ಸಾಕು, ತಾನೇ ಶುರುವಾಗುವಂಥ ಸಿಸ್ಟಮ್ ಕಟ್ಟಿದೆ. ಎಷ್ಟು ಬೀಗಿದ್ದೆ! ಆದರೆ ನಿಮ್ಮದು ದಿನಾ ಅದೇ ಗೋಳು — ಅಳತೆಪಟ್ಟಿ ಹೇಗೆ ಹೊಂದಿಸುವುದು, ಪ್ರತಿಸಲ ಯಾಕೆ ಕೇಳುತ್ತದೆ... ಹೇಳಿ ಹೇಳಿ ಸಾಕಾಗಿ, ಫೋಟೋದ ಎಷ್ಟು ಚುಕ್ಕಿಗೆ ಒಂದು ಮಿಲಿಮೀಟರ್ ಎಂಬ, ಲ್ಯಾಬಿನ ಕ್ಯಾಮೆರಾಕ್ಕೆ ತಕ್ಕ ಅಳತೆಯನ್ನು ಸಿಸ್ಟಮ್ಮಿನೊಳಗೇ ಬರೆದು, ಆ ಪ್ರಶ್ನೆ ಬರದಂತೆ ಮಾಡಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಮರುವರ್ಷ ಕ್ಯಾಮೆರಾ ಬದಲಾಯಿತು. ಒಳಗೆ ಬರೆದ ಅಳತೆ ಬದಲಾಗಲಿಲ್ಲ.

ಎರಡು ವರ್ಷಗಳ ಅಳತೆ ತಾಳೆಯಾಗುವುದಿಲ್ಲವೆಂದು ಸಂಶೋಧನಾ ಪತ್ರಿಕೆಯವರು ನಿಮ್ಮ ಪ್ರಬಂಧ ತಿರುಗಿ ಕಳಿಸಿದ ದಿನ ಲ್ಯಾಬಿಗೆ ಬಂದಿರಿ.

"ಹೋದ ವರ್ಷದ ತಳೀದ ಕಾಳು ಈ ವರ್ಷ ಉದ್ದ ತೋರಸಾಕತ್ತೈತಿ. ಒಮ್ಮೆ ನಿನ್ನ ಸಿಸ್ಟಮ್ ನೋಡಪಾ."

ಬೆಳಿಗ್ಗೆಯಿಂದ ಪ್ರಿಂಟರಿನೊಂದಿಗೆ ಗುದ್ದಾಡಿ ತಲೆ ಕೆಟ್ಟಿತ್ತು. ಅದಕ್ಕೇ — ಇಲ್ಲ, ಅದಕ್ಕಲ್ಲ. ನಾನು ಕಟ್ಟಿದ್ದನ್ನು ಯಾರೂ ಅನುಮಾನಿಸಬಾರದಿತ್ತು, ಅಷ್ಟೇ.

"ಸಿಸ್ಟಮ್ ಬರೋಬರಿ ಐತ್ರಿ ಮೇಡಂ. ನಿಮ್ಮ ಕೈ ನಡಗಾಕತ್ತಾವ, ಅದನ್ನ ನೋಡ್ಕೋರಿ."

ನೀವು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿರಿ.

ಆ ವಾರವೇ ತಪ್ಪು ಸಿಕ್ಕಿತು. ಸದ್ದಿಲ್ಲದೆ ತಿದ್ದಿದೆ, ಬದಲಾವಣೆಗಳ ಪಟ್ಟಿಯಲ್ಲಿ 'ಸಣ್ಣಪುಟ್ಟ ಸುಧಾರಣೆ' ಎಂದು ಬರೆದೆ. ಅಷ್ಟರಲ್ಲಿ ನೀವು ಹುಬ್ಬಳ್ಳಿಗೆ ಹೋಗಿ ಕೈ ತೋರಿಸಿಕೊಂಡು ಬಂದಿದ್ದಿರಿ. ಡಾಕ್ಟರು ಏನೂ ಇಲ್ಲವೆಂದರೂ ನೀವು ನಂಬಿದ್ದು ನನ್ನ ಮಾತನ್ನು. ಸಂಶೋಧನೆ ಬಿಟ್ಟಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಅಕ್ಕಿಆಲೂರು ಸಂತೆಯಲ್ಲಿ ಸಿಕ್ಕಾಗ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನಕ್ಕಿರಿ.

"ಅವತ್ತ ನೀ ಹೇಳಿದ್ದು ಚಲೋ ಆತಪಾ. ಇಲ್ಲಾಂದ್ರ ತಪ್ಪು ಅಳತಿ ಬರ್ದು ನಗೆಪಾಟಲಾಗ್ತಿದ್ದೆ."

ಥೂ, ನನ್ನ ಜನ್ಮಕ್ಕಿಷ್ಟು! ಅಲ್ಲೇ ಹೇಳಬಹುದಿತ್ತು. ಬಸ್ಸು ಬಂತೆಂದು ಓಡಿದೆ.

ನಿಮ್ಮ ಫೋಟೋಗಳೆಲ್ಲ ನನ್ನ ಬಳಿ ಇನ್ನೂ ಇವೆ. ಸರಿಯಾದ ಅಳತೆ ಕೊಟ್ಟು ಮತ್ತೆ ನೋಡಿದೆ — ಎರಡೂ ವರ್ಷದ ಕಾಳುಗಳು ತಾಳೆಯಾಗುತ್ತವೆ. ನೀವು ಸರಿಯಾಗಿಯೇ ಗುರುತಿಸಿದ್ದಿರಿ. ಪ್ರಬಂಧ ಹಿಂದಿರುಗಿಸಿದವರಿಗೆ ನಡೆದದ್ದನ್ನೆಲ್ಲ ನನ್ನ ಹೆಸರಿನಲ್ಲೇ ಬರೆದು ಕಳಿಸಿದ್ದೇನೆ. ಅದರ ಪ್ರತಿ ಈ ಪತ್ರದೊಂದಿಗಿದೆ.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಬೈಯಿರಿ, ಬಾಗಿಲು ಹಾಕಿಕೊಳ್ಳಿ — ನಕ್ಕು ಮಾತ್ರ ಸುಮ್ಮನಾಗಬೇಡಿ.